ಕಡೆಯದಾಗಿ ಬಂದ ಬೊಂಬೆ

ಅಕ್ಟೋಬರ್ ೧೨, ಭಾನುವಾರ. ಬೆಳಿಗ್ಗೆ ೬:೪೦ಕ್ಕೆ ಶುರು ಮಾಡಿದ್ದೇನೆ. ಮದರಾಸಿನಲ್ಲಿ, ನುಂಗಂಬಾಕ್ಕಂನ ನಮ್ಮ ಮನೆಯ ಹಿಂದಿನ ಬಾಲ್ಕನಿ. ಅಮ್ಮ ಹಾಲಿಗೆ ಒಲೆ ಹಚ್ಚಿದ್ದಾಳೆ, ಅಜ್ಜಿ ದೇವರ ಮುಂದೆ ಕೂತಿದ್ದಾಳೆ. ಇಬ್ಬರಲ್ಲಿ ಒಬ್ಬರು ನನ್ನನ್ನು ಕೂಗುವುದರೊಳಗೆ ಆದಷ್ಟು ಬರೆದುಬಿಡಬೇಕು.

ತಾರೀಖು ಹಾಕದೆ ನಾನು ಏನನ್ನೂ ಬರೆಯುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ನೀರು ತರುವ ಮೆಟ್ರೋ ವಾಟರ್ ಲಾರಿ ಬಾರದೆ ಹೋದ ದಿನ, ಬಸ್ಸಿನಲ್ಲಿ ಕೊಡೆ ಮರೆತ ದಿನ, ಎಲ್ಲಕ್ಕೂ ನನ್ನ ಹತ್ತಿರ ತಾರೀಖಿದೆ. ತಿಂಗಳ ಕೊನೆಗೆ ಒಟ್ಟು ಹಾಕುತ್ತೇನೆ. ಇದರಿಂದ ಏನು ಸಿಗುತ್ತದೆ ಎಂದು ಕೇಳಿದವರಿಗೆ ಇಷ್ಟು ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ.

ನಾನು ಗಣಿತದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಈ ವರ್ಷ ನಮ್ಮ ತರಗತಿಯನ್ನು ಪ್ರಾಜೆಕ್ಟ್ ಕೆಲಸಕ್ಕೆ ಎರಡು ತಂಡಗಳಾಗಿ ಒಡೆಯುತ್ತಾರೆ. ಒಂದು ತಂಡ ನಮ್ಮ ಮೇಡಂ ಕೈಕೆಳಗೆ ಶುದ್ಧ ಗಣಿತ ಮಾಡುತ್ತದೆ. ಇನ್ನೊಂದು ತಂಡ ಅಂಗಡಿ, ಆಸ್ಪತ್ರೆಗಳಿಂದ ಅಂಕಿಅಂಶ ತಂದು ಕಂಪ್ಯೂಟರಿಗೆ ತುಂಬುತ್ತದೆ. ಅದಕ್ಕೆ ಡೇಟಾ ತಂಡ ಎಂದು ಹೆಸರು. ಎರಡನೆಯದರಲ್ಲಿ ಕೆಲಸ ಬೇಗ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ನನಗೆ ಬೇಕಾಗಿದ್ದು ಮೊದಲನೆಯದು. ಹನ್ನೊಂದನೇ ಕ್ಲಾಸಿನಿಂದ ಬೇಕಾಗಿದ್ದು ಅದೊಂದೇ. ಆ ತಂಡಕ್ಕೆ ಸೇರಬೇಕಾದರೆ ಮೇಡಂ ಕೊಟ್ಟ ಒಂದು ಪ್ರಶ್ನೆಯನ್ನು ಇಡೀ ತರಗತಿಯ ಎದುರು ಬೋರ್ಡಿನ ಮೇಲೆ ಸಾಧಿಸಿ ತೋರಿಸಬೇಕು.

ನನಗೆ ಬಂದ ಪ್ರಶ್ನೆ ಇದು. ಒಂದು, ಎರಡು, ಮೂರು ಎಂದು ಪೂರ್ಣಸಂಖ್ಯೆಗಳು ಮುಗಿಯದೆ ಹೋಗುತ್ತವೆ. ಅವುಗಳಲ್ಲಿ ನಿಮಗೆ ಬೇಕಾದ ಕೆಲವನ್ನು ಆರಿಸಿ ಒಂದು ಕೂಟ ಮಾಡಿ. ಬರೀ ಮೂರು ಇರುವ ಕೂಟ ಆಗಬಹುದು, ಎರಡು ಮತ್ತು ಏಳು ಇರುವ ಕೂಟ ಆಗಬಹುದು, ಸಾವಿರ ಸಂಖ್ಯೆಗಳಿರುವ ಕೂಟವೂ ಆಗಬಹುದು. ಷರತ್ತು ಒಂದೇ: ಕೂಟಕ್ಕೆ ಕೊನೆ ಇರಬೇಕು. ಇಂಥ ಎಲ್ಲ ಕೂಟಗಳನ್ನೂ, ಒಂದೂ ಬಿಟ್ಟುಹೋಗದ ಹಾಗೆ, ಒಂದೇ ಸಾಲಿನಲ್ಲಿ ನಿಲ್ಲಿಸಿ ಎಣಿಸುತ್ತ ಹೋಗಬಹುದೇ? ಸಾಲು ಮುಗಿಯದಿದ್ದರೆ ಪರವಾಗಿಲ್ಲ. ಆದರೆ ಯಾರು ಯಾವ ಕೂಟವನ್ನು ಹೇಳಿದರೂ ಅದು ಇಂಥ ಜಾಗದಲ್ಲಿದೆ ಎಂದು ನಂಬರ್ ಹೇಳಲು ಬರಬೇಕು. ಬಂದರೆ ಅವನ್ನು ಎಣಿಸಬಹುದು ಎಂದರ್ಥ.

ಸೆಪ್ಟೆಂಬರ್ ೧೨, ಶುಕ್ರವಾರ ನನ್ನ ಸರದಿ. ನಾನು ಹಿಂದಿನ ದಿನವೇ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅದು ನಮ್ಮ ಮನೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಕ್ರಮದಿಂದ ಬಂದದ್ದು. ಮದರಾಸಿಗೆ ಬಂದು ಮೂರು ತಲೆಮಾರಾಗಿ ನಾವೂ ಅದನ್ನು ಕೊಲು ಎನ್ನುತ್ತೇವೆ, ಮೆಟ್ಟಿಲಿಗೆ ಪಡಿ ಎನ್ನುತ್ತೇವೆ. ಅಜ್ಜಿ ಒಂಟಿ ಬೊಂಬೆಗಳನ್ನೆಲ್ಲ ಒಂದು ಪಡಿಯ ಮೇಲೆ ಕೂರಿಸುತ್ತಾಳೆ, ಜೋಡಿಗಳನ್ನು ಇನ್ನೊಂದರ ಮೇಲೆ, ವಾದ್ಯದವರ ಹಾಗೆ ಮೂವರು ಮೂವರಿರುವವನ್ನು ಮತ್ತೊಂದರ ಮೇಲೆ. ನಾನೂ ಹಾಗೆಯೇ ಮಾಡಿದೆ. ಬೋರ್ಡಿನ ಮೇಲೆ ಮೊದಲು ಒಂದೊಂದೇ ಸಂಖ್ಯೆಯ ಕೂಟಗಳು, ಅವುಗಳ ಕೆಳಗೆ ಎರಡೆರಡರ ಕೂಟಗಳು, ಅವುಗಳ ಕೆಳಗೆ ಮೂರು ಮೂರು. ಮೂಲೆಯಲ್ಲಿ ತಾರೀಖು.

ಮೇಡಂ ಕೊನೆಯ ಬೆಂಚಿನ ಹತ್ತಿರ ನಿಂತು ನೋಡುತ್ತಿದ್ದರು. ಅವರು ಮಾತಾಡುವುದು ತಮಿಳು ಇಂಗ್ಲಿಷ್ ಬೆರಸಿ. ನಾನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ.

"ಒಂದು ಮತ್ತು ಎರಡು ಇರುವ ಕೂಟ ಎಲ್ಲಿದೆಯಮ್ಮ?"

"ಎರಡನೇ ಪಡಿಯಲ್ಲಿ ಮೊದಲನೆಯದು ಮೇಡಂ."

"ಪಡಿ ಗಿಡಿ ಬೇಡ. ಒಂದೇ ಸಾಲು ಅಂದಿದ್ದೆ. ಎಷ್ಟನೇ ಜಾಗ?"

"ಒಂಟಿಗಳೆಲ್ಲ ಮುಗಿದ ಮೇಲೆ ಬರುತ್ತೆ ಮೇಡಂ."

"ಅವು ಯಾವಾಗ ಮುಗಿಯುತ್ತವೆ? ನಾನು ರಿಟೈರ್ ಆಗುವುದರೊಳಗೆ ಮುಗಿಯುತ್ತವೆಯಾ?"

ತರಗತಿ ನಕ್ಕಿತು. ನಮ್ಮ ಮನೆಯ ಒಂಟಿ ಬೊಂಬೆಗಳು ಮುಗಿಯುತ್ತವೆ. ಸಂಖ್ಯೆಗಳು ಮುಗಿಯುವುದಿಲ್ಲ. ಒಂದು, ಎರಡು, ಮೂರು ಎಂದು ಒಂಟಿಗಳನ್ನು ನಿಲ್ಲಿಸುತ್ತ ಹೋದರೆ ಮೊದಲನೆಯ ಜೋಡಿಗೇ ಸರದಿ ಬರುವುದಿಲ್ಲ. ನನ್ನ ಉತ್ತರ ತಪ್ಪಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ನನ್ನನ್ನು ಕೆಣಕಿದ್ದು ಆ ತಪ್ಪಲ್ಲ, ಅದಾದ ಮೇಲೆ ಬಂದ ಮಾತು. ಮೇಡಂ ಬೋರ್ಡಿನ ಹತ್ತಿರ ಬಂದು, ಗದರದೆ, ಒಳ್ಳೆಯ ದನಿಯಲ್ಲೇ ಹೇಳಿದರು: "ಅಕ್ಷರ ಚೆನ್ನಾಗಿದೆ. ತಾರೀಖು ಹಾಕಿದ್ದೀಯ, ಗೆರೆ ಹೊಡೆದಿದ್ದೀಯ. ನೀನು ಲೆಕ್ಕ ಇಡುವವಳಮ್ಮ, ಪ್ರೂಫ್ ಮಾಡುವವಳಲ್ಲ. ಡೇಟಾ ತಂಡಕ್ಕೆ ಇಂಥವರೇ ಬೇಕು."

ಬೈದಿದ್ದರೆ ಮರೆಯಬಹುದಾಗಿತ್ತು.

ಮಧ್ಯಾಹ್ನ ಸ್ಟಾಫ್ ರೂಮಿಗೆ ಹೋಗಿ ಇನ್ನೊಂದು ಅವಕಾಶ ಕೇಳಿದೆ. ಮೇಡಂ ಕೊಟ್ಟರು. ಪುಸ್ತಕದಲ್ಲಿ ಈ ಪ್ರಶ್ನೆಗೆ ಒಂದು ಪ್ರೂಫ್ ಇದೆ. ಅದನ್ನು ಓದಿಕೊಂಡು ದಸರಾ ರಜೆಯ ನಂತರ, ಅಕ್ಟೋಬರ್ ೮ರಂದು, ನೋಡದೆ ಬೋರ್ಡಿನ ಮೇಲೆ ಬರೆದರೆ ಸೇರಿಸಿಕೊಳ್ಳುವುದಾಗಿ ಹೇಳಿದರು. "ಮತ್ತೆ ಸ್ವಂತದ್ದು ಏನಾದರೂ ತಂದು ತಪ್ಪಿದರೆ ಮೂರನೇ ಸಲ ಇಲ್ಲ. ಡೇಟಾ ತಂಡದ ಪಟ್ಟಿಯಲ್ಲಿ ನಿನ್ನ ಹೆಸರು ಬರೆದಿಟ್ಟಿದ್ದೇನೆ, ನೆನಪಿರಲಿ."

ಪುಸ್ತಕದ ಪ್ರೂಫ್ ಅರ್ಧ ಪುಟ. ಒಂದಕ್ಕೆ ಎರಡನ್ನು ಕೊಡಿ, ಎರಡಕ್ಕೆ ಮೂರನ್ನು, ಮೂರಕ್ಕೆ ಐದನ್ನು, ಹೀಗೆ ಪ್ರತಿ ಸಂಖ್ಯೆಗೂ ಒಂದೊಂದು ಅವಿಭಾಜ್ಯ ಸಂಖ್ಯೆ. ಕೂಟದಲ್ಲಿ ಯಾರು ಯಾರಿದ್ದಾರೋ ಅವರವರ ಅವಿಭಾಜ್ಯಗಳನ್ನು ಗುಣಿಸಿ. ಒಂದು ಮತ್ತು ಮೂರು ಇರುವ ಕೂಟಕ್ಕೆ ಎರಡೈದಲಿ ಹತ್ತು. ಬೇರೆ ಯಾವ ಕೂಟಕ್ಕೂ ಹತ್ತು ಬರುವುದಿಲ್ಲ. ಆಯಿತು, ಎಲ್ಲರಿಗೂ ಒಂದೊಂದು ನಂಬರ್ ಸಿಕ್ಕಿತು.

ಪ್ರೂಫ್ ಸರಿ. ಚೆಂದವಾಗಿಯೂ ಇದೆ. ಆದರೆ ಕೂತು ಪಟ್ಟಿ ಮಾಡಿ ನೋಡಿದೆ: ನಾಲ್ಕನೆಯ ಜಾಗ ಯಾರಿಗೂ ಸಿಕ್ಕಿಲ್ಲ. ಎಂಟು ಖಾಲಿ, ಒಂಬತ್ತು ಖಾಲಿ, ಹನ್ನೆರಡು ಖಾಲಿ. ಮದುವೆ ಊಟದಲ್ಲಿ ಎಲೆ ಹಾಕಿ ನಡುನಡುವೆ ಯಾರೂ ಕೂರದೆ ಬಿಟ್ಟ ಹಾಗೆ. ಇದರಿಂದ ಪ್ರೂಫಿಗೆ ಏನೂ ಕುಂದಿಲ್ಲ, ನನಗೆ ಗೊತ್ತು. ಎಲ್ಲರಿಗೂ ಎಲೆ ಸಿಕ್ಕರೆ ಸಾಕು. ಆದರೂ ನಡುವೆ ಖಾಲಿ ಬಿಡದ ಸಾಲೊಂದು ಇರಬೇಕಲ್ಲ ಎನ್ನುವುದು ನನ್ನ ತಲೆ ಹೊಕ್ಕಿತು. ಅದಕ್ಕಿಂತ ದೊಡ್ಡ ಕಾರಣವೂ ಒಂದಿತ್ತು. ಬಾಯಿಪಾಠ ಮಾಡಿ ಒಪ್ಪಿಸಿ ಆ ತಂಡಕ್ಕೆ ಹೋದರೆ ಮೇಡಂ ಆಡಿದ ಮಾತು ನಿಜವಾಗಿಬಿಡುತ್ತದೆ. ನಕಲು ಮಾಡುವವಳೂ ಲೆಕ್ಕ ಇಡುವವಳೇ.

ಪೋರೂರಿನಿಂದ ಬರುವ ನನ್ನ ಗೆಳತಿಗೆ ಇದನ್ನು ಹೇಳಿದೆ. ಅವಳಿಗೆ ಮೊದಲ ಸಲಕ್ಕೇ ಮೇಡಂ ತಂಡದಲ್ಲಿ ಜಾಗ ಸಿಕ್ಕಿತ್ತು.

"ಲೂಸಾ ಡೀ ನೀನು? ಅರ್ಧ ಪುಟ ಅಷ್ಟೇ. ಬಸ್ಸಲ್ಲಿ ಬರ್ತಾ ಓದಿದ್ರೂ ಬಾಯಿಗೆ ಬರುತ್ತೆ."

"ಬಾಯಿಗೆ ಬರೋದು ಬೇಡ."

"ಹಾಗಿದ್ರೆ ಹೋಗು, ಡೇಟಾ ತಂಡದಲ್ಲಿ ಕೂತ್ಕೊಂಡು ಆಸ್ಪತ್ರೆ ಟೋಕನ್ ಎಣಿಸು. ಕೊಲು ಪಾಟಿ!"

ಪಾಟಿ ಎಂದರೆ ಅಜ್ಜಿ. ಬೋರ್ಡಿನ ಮುಂದೆ ಪಡಿ ಎಂದು ಬಾಯಿ ತಪ್ಪಿ ಹೇಳಿದ ದಿನದಿಂದ ತರಗತಿಯಲ್ಲಿ ನನಗೆ ಅದೇ ಹೆಸರು.

ಮನೆಯಲ್ಲಿ ಅಮ್ಮನೂ ಅದನ್ನೇ ಹೇಳಿದಳು. ಅಮ್ಮ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಅವಳ ಕನ್ನಡದಲ್ಲಿ ಅರ್ಧ ತಮಿಳು. "ಅಡಂ ಹಿಡೀಬೇಡ. ಅವ್ರು ಏನ್ ಕೇಳಿದ್ರೋ ಅದ್ನ ಬರ್ದು ಕೊಟ್ಟು ಬಾ, ಪೋದುಂ." ಅಡಂ ಎಂದರೆ ಹಟ. ಪೋದುಂ ಎಂದರೆ ಸಾಕು. ಈ ಎರಡು ಪದಗಳಲ್ಲಿ ನನ್ನ ಬಾಲ್ಯವೆಲ್ಲ ಬಂದುಹೋಗುತ್ತದೆ.

ಸೆಪ್ಟೆಂಬರ್ ೨೧, ಭಾನುವಾರ, ಅಮಾವಾಸ್ಯೆ. ಅಟ್ಟದಿಂದ ಬೊಂಬೆ ಟ್ರಂಕುಗಳು ಇಳಿದವು.

ನಮ್ಮ ಮನೆಯ ಕೊಲುವಿಗೆ ಎರಡು ಕಟ್ಟಳೆಗಳಿವೆ. ಪ್ರತಿ ನವರಾತ್ರಿಗೂ ಒಂದು ಹೊಸ ಬೊಂಬೆ ಬರಲೇಬೇಕು, ಬಂದ ವರ್ಷ ಅದು ಪಡಿಯ ಮೇಲೆ ಕೂರಲೇಬೇಕು. ಉಳಿದ ಬೊಂಬೆಗಳಲ್ಲಿ ಯಾವುದನ್ನು ತೆಗೆಯುವುದು, ಯಾವುದನ್ನು ಟ್ರಂಕಿನಲ್ಲೇ ಬಿಡುವುದು ಎನ್ನುವುದು ಆಯಾ ವರ್ಷದ ಜಾಗ ಮತ್ತು ಅಜ್ಜಿಯ ಸೊಂಟನೋವಿಗೆ ಬಿಟ್ಟಿದ್ದು. ಎರಡನೆಯ ಕಟ್ಟಳೆ, ಬೊಂಬೆಯ ತಳದಲ್ಲಿ ಅದು ಎಷ್ಟನೆಯದು ಎಂದು ಕಪ್ಪು ಬಣ್ಣದಲ್ಲಿ ಬರೆಯಬೇಕು. ಅಜ್ಜಿ ಮೈಸೂರಿನಿಂದ ತಂದ ಪಟ್ಟದ ಬೊಂಬೆಗಳು ೧. ರಾಜ ರಾಣಿ ಇಬ್ಬರಿಗೂ ಸೇರಿ ಒಂದೇ ನಂಬರ್. "ಮದ್ವೆ ಆದ್ಮೇಲೆ ಬೇರೆ ಬೇರೆ ಲೆಕ್ಕ ಎಂಥದು?" ಎನ್ನುವುದು ಅಜ್ಜಿಯ ವಾದ.

ಅಂದು ಟ್ರಂಕಿನ ತಳದಲ್ಲಿ ಹಾಸಿದ್ದ ಹಳೆಯ ಪೇಪರಿನ ನಡುವೆ ಒಂದು ಫೋಟೋ ಸಿಕ್ಕಿತು. ಕೊಲುವಿನ ಮುಂದೆ ಅಮ್ಮ ಹಸಿರು ಸೀರೆಯಲ್ಲಿ ಕೂತಿದ್ದಾಳೆ. ಹಿಂದೆ ತಾರೀಖಿಲ್ಲ.

"ಇದು ನಾನ್ ಮದ್ವೆ ಆಗಿ ಬಂದ ಮೊದಲ್ನೇ ಕೊಲು," ಎಂದಳು ಅಮ್ಮ.

"ಅಲ್ವೇ ಅಲ್ಲ. ಆ ವರ್ಷ ನಿಂಗೆ ಹಸಿರು ಸೀರೆ ಎಲ್ಲಿತ್ತು? ಅದು ನಾನು ಸೀಮಂತಕ್ಕೆ ಕೊಡ್ಸಿದ್ದು," ಎಂದಳು ಅಜ್ಜಿ.

"ನೀವು ಕೊಡಿಸಿದ್ದು ಮಾಂಬಳ ಸೀರೆ ಅತ್ತೆ, ಮಾವಿನಹಣ್ಣಿನ ಬಣ್ಣದ್ದು. ಇದು ನಮ್ಮಮ್ಮ ಕೊಟ್ಟಿದ್ದು."

"ಹೂಂ, ನಿಮ್ಮಮ್ಮ ಕೊಟ್ಲು. ಅವ್ಳು ಕೊಟ್ಟಿದ್ದು ಬಣ್ಣ ಬಿಡ್ತು."

ಇಂಥ ಜಗಳಗಳನ್ನು ಮನೆಯಲ್ಲಿ ತೀರಿಸುವವಳು ನಾನು. ಫೋಟೋ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಸೀರೆ ನೋಡಲಿಲ್ಲ, ಅಮ್ಮನ ಮುಖ ನೋಡಲಿಲ್ಲ. ಬೊಂಬೆಗಳನ್ನು ನೋಡಿದೆ. ಅಂಗಡಿ ಇಟ್ಟುಕೊಂಡ ಚೆಟ್ಟಿಯಾರ್ ಇದ್ದರು, ಅವರು ೨೨. ಕ್ರಿಕೆಟ್ ಟೀಮ್ ಇರಲಿಲ್ಲ, ಅದು ೨೩. ಅದಕ್ಕಿಂತ ಆಚೆಯ ಯಾವುದೂ ಇರಲಿಲ್ಲ. ಹೊಸ ಬೊಂಬೆ ಬಂದ ವರ್ಷ ಕೂರಲೇಬೇಕು ಎನ್ನುವ ಕಟ್ಟಳೆ ಇರುವಾಗ, ಫೋಟೋದಲ್ಲಿ ಎಲ್ಲಕ್ಕಿಂತ ಹೊಸ ಬೊಂಬೆ ಯಾವುದೋ ಅದರ ವರ್ಷವೇ ಫೋಟೋದ ವರ್ಷ.

"ಚೆಟ್ಟಿಯಾರ್ ಬಂದ ವರ್ಷ," ಎಂದೆ. "ಅಂದ್ರೆ ಅಮ್ಮ ಬಂದು ಎರಡನೇ ಕೊಲು. ಸೀಮಂತ ಆಗಿದ್ದು ಅದಾದ ಮೇಲೆ. ಇಬ್ರೂ ತಪ್ಪು."

"ಬಂದ್ಲಪ್ಪ ಪೊಲೀಸು," ಎಂದು ಅಜ್ಜಿ ಟ್ರಂಕಿಗೆ ಬಗ್ಗಿದಳು.

ಎಷ್ಟೋ ವರ್ಷದಿಂದ ಮನೆಯ ಫೋಟೋಗಳಿಗೆ ನಾನು ಹೀಗೆಯೇ ತಾರೀಖು ಹಾಕುತ್ತ ಬಂದಿದ್ದೇನೆ. ಕೆಳಗಿಡಲು ಹೋದ ಫೋಟೋ ಕೈಯಲ್ಲೇ ಉಳಿಯಿತು. ಎಷ್ಟು ಬೊಂಬೆಗಳಿವೆ ಎಂದು ನಾನು ಎಣಿಸಿರಲಿಲ್ಲ. ಕಡೆಯದಾಗಿ ಬಂದದ್ದು ಯಾವುದು ಎಂದಷ್ಟೇ ನೋಡಿದ್ದೆ.

ಬೋರ್ಡಿನ ಮೇಲೆ ನಾನು ಎಷ್ಟು ಬೊಂಬೆ ಎಂದು ಕೇಳುತ್ತ ಸಾಲು ಕಟ್ಟಿದ್ದೆ, ಅದಕ್ಕೇ ಸಾಲು ಮುಂದೆ ಹೋಗದೆ ನಿಂತಿತು. ಒಂದೇ ಬೊಂಬೆಯ ಕೂಟಗಳಿಗೆ ಕೊನೆಯಿಲ್ಲ. ಆದರೆ ಕಡೆಯದಾಗಿ ಬಂದ ಬೊಂಬೆ ೩ ಆಗಿರುವ ಕೂಟಗಳು ಎಷ್ಟಿರಲು ಸಾಧ್ಯ? ೩ ಇರಲೇಬೇಕು, ೧ ಮತ್ತು ೨ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬರೀ ನಾಲ್ಕು. ಅವು ಮುಗಿಯುತ್ತವೆ. ಮುಗಿದ ಮೇಲೆ ೪ನೆಯ ಬೊಂಬೆಯ ವರ್ಷಕ್ಕೆ ಹೋಗಬಹುದು, ಅದೂ ಮುಗಿಯುತ್ತದೆ. ಯಾವ ಕೂಟವನ್ನು ತಂದರೂ, ಅದಕ್ಕೆ ಕೊನೆ ಇರುವುದರಿಂದ, ಅದರಲ್ಲಿ ಎಲ್ಲಕ್ಕಿಂತ ಹೊಸ ಬೊಂಬೆ ಒಂದು ಇದ್ದೇ ಇರುತ್ತದೆ. ಆ ಬೊಂಬೆಯ ವರ್ಷದಲ್ಲಿ ಕೂಟಕ್ಕೆ ಜಾಗ ಸಿಗುತ್ತದೆ.

"ಏನೇ, ಫೋಟೋ ಹಿಡ್ಕೊಂಡು ಗರ ಬಡ್ದೋಳ ಹಾಗೆ ನಿಂತೆ? ಆ ಬಿಳಿ ಬಟ್ಟೆ ಕೊಡು," ಎಂದಳು ಅಜ್ಜಿ.

ಪಡಿಗಳ ಮೇಲೆ ಹಾಸುವ ಬಟ್ಟೆ ಅದು. ಕೊಡುವಾಗ ತಾತ ತೀರಿಕೊಂಡ ವರ್ಷ ನೆನಪಾಯಿತು, ನಾನಾಗ ಎಂಟನೇ ಕ್ಲಾಸು. ಸಾವಾದ ವರ್ಷ ಕೊಲು ಇಡುವ ಹಾಗಿಲ್ಲ ಎಂದು ಎಲ್ಲರೂ ಹೇಳಿದರು. ಅಜ್ಜಿ ಬೊಂಬೆ ತೆಗೆಯಲಿಲ್ಲ, ಹೊಸದು ತರಲೂ ಇಲ್ಲ. ಆದರೆ ಏಳು ಪಡಿ ಜೋಡಿಸಿ, ಈ ಬಟ್ಟೆ ಹಾಸಿ, ಮುಂದೆ ಒಂದು ದೀಪ ಇಟ್ಟಳು. ಕೆಳಗಿನ ಮನೆಯ ಮಾಮಿ ಬಾಗಿಲಲ್ಲೇ ನಿಂತು, "ಏನು ಮಾಮಿ ಇದು, ಬೊಂಬೆಯೇ ಇಲ್ಲದ ಕೊಲು?" ಎಂದು ತಮಿಳಿನಲ್ಲಿ ಕೇಳಿದರು. "ಹೌದು, ಬೊಂಬೆ ಇಲ್ಲದ ಕೊಲು. ಒಳಗೆ ಬನ್ನಿ, ಕುಂಕುಮ ತಗೊಳ್ಳಿ," ಎಂದಳು ಅಜ್ಜಿ, ತನ್ನ ಹರಕು ತಮಿಳಿನಲ್ಲಿ. ಮಾಮಿ ಒಳಗೆ ಬರಲಿಲ್ಲ. ನಾನು ಡೈರಿಯಲ್ಲಿ ಆ ವರ್ಷದ ಎದುರು ಸೊನ್ನೆ ಬರೆದೆ. ಬರೆಯದೆ ಬಿಡಲು ಮನಸ್ಸು ಬರಲಿಲ್ಲ. ಪಡಿ ಇತ್ತಲ್ಲ.

ನವರಾತ್ರಿಯಲ್ಲಿ ಮನೆಗೆ ಬಂದವರಿಗೆ ಉಸಲಿ ಹಂಚುತ್ತ ಹಂಚುತ್ತ ನಾನು ಸಾಲನ್ನು ಕಟ್ಟಿದೆ. ಕಟ್ಟುವ ವಿಧಾನ ಇಷ್ಟೇ: ಹೊಸ ಬೊಂಬೆ ಬಂದಾಗ, ಅದುವರೆಗಿನ ಇಡೀ ಸಾಲನ್ನು ಅದೇ ಕ್ರಮದಲ್ಲಿ ಇನ್ನೊಮ್ಮೆ ಬರೆದು, ಪ್ರತಿ ಕೂಟಕ್ಕೂ ಹೊಸ ಬೊಂಬೆಯನ್ನು ಸೇರಿಸುವುದು. ಮೊದಲು ಖಾಲಿ ಕೂಟ; ಒಂದು ಸಂಖ್ಯೆಯೂ ಇಲ್ಲದ್ದನ್ನೂ ಗಣಿತದಲ್ಲಿ ಕೂಟವೆಂದೇ ಎಣಿಸುತ್ತಾರೆ. ೧ ಬಂದಾಗ: ಬರೀ ೧. ೨ ಬಂದಾಗ: ಬರೀ ೨, ಆಮೇಲೆ ೧ ಮತ್ತು ೨. ೩ ಬಂದಾಗ ನಾಲ್ಕು ಹೊಸ ಕೂಟಗಳು. ಪ್ರತಿ ಬೊಂಬೆಗೂ ಸಾಲು ಎರಡರಷ್ಟಾಗುತ್ತದೆ. ಯಾರಿಗೂ ಎರಡು ಜಾಗವಿಲ್ಲ, ಯಾವ ಜಾಗವೂ ಖಾಲಿ ಇಲ್ಲ.

ಗೆಳತಿ ಒಂದು ಸಂಜೆ ಕೊಲು ನೋಡಲು ಬಂದಳು. ಅವಳಿಗೆ ತೋರಿಸಿದೆ. ಉಸಲಿ ತಿನ್ನುತ್ತ ಕೇಳಿದಳು: "ಮೂರು ಮತ್ತು ಐದು. ಎಷ್ಟನೇ ಜಾಗ ಹೇಳು, ನೋಡೋಣ."

"೫ ಬರೋದಕ್ಕೆ ಮುಂಚೆ ಸಾಲಲ್ಲಿ ಹದಿನಾರು ಜನ. ಬರೀ ಮೂರು ಇರೋ ಕೂಟ ಐದನೇದು. ಅದರ ಜೊತೆ ೫ ಸೇರಿದ್ರೆ ಹದಿನಾರು ಆದ ಮೇಲೆ ಐದನೇದು. ಇಪ್ಪತ್ತೊಂದು."

ಅವಳು ಮೊಬೈಲಿನಲ್ಲಿ ಪಟ್ಟಿ ಬರೆದು ಎಣಿಸಿದಳು. ಇಪ್ಪತ್ತೊಂದೇ. "ಸರಿಯಾಗೇ ಇದೆ ಡೀ. ಆದ್ರೂ ಪುಸ್ತಕದ್ದೇ ಬರಿ. ಮೇಡಂಗೆ ಇದು ಅರ್ಥ ಆಗೋದ್ರೊಳಗೆ ಬೆಲ್ ಹೊಡಿಯುತ್ತೆ. ಹೋದ್ರೆ ಮತ್ತೆ ಸಿಗಲ್ಲ," ಎಂದಳು. ತಮಾಷೆಗೆ ಹೇಳಲಿಲ್ಲ. ಅವಳಿಗೂ ನಾನು ಆ ತಂಡದಲ್ಲಿರಬೇಕಿತ್ತು.

ಅಕ್ಟೋಬರ್ ೮, ಬುಧವಾರ. ಎರಡನೇ ಪೀರಿಯಡ್. ಬೋರ್ಡಿನ ಮೂಲೆಯಲ್ಲಿ ಬೇಕೆಂದೇ ತಾರೀಖು ಬರೆದೆ, ಹಿಂದಿನ ಸಲಕ್ಕಿಂತ ದೊಡ್ಡದಾಗಿ. ಆಮೇಲೆ ಹೇಳಿದೆ: "ಮೇಡಂ, ಪುಸ್ತಕದ ಪ್ರೂಫ್ ನನಗೆ ಬರುತ್ತೆ. ಆದ್ರೆ ಇವತ್ತು ಬರೆಯೋದು ಅದಲ್ಲ."

"ಷರತ್ತು ನೆನಪಿದೆಯಾ?"

"ಇದೆ ಮೇಡಂ. ಮೂರನೇ ಸಲ ಇಲ್ಲ."

ಹಿಂದಿನ ಬೆಂಚಿನಿಂದ ಯಾರೋ "ಕೊಲು ಪಾಟಿ" ಎಂದರು. ನಾನು ತಿರುಗಿ, "ಹೌದು, ಕೊಲುನೇ. ನೋಡ್ಕೊ," ಎಂದು ಬರೆಯತೊಡಗಿದೆ. ಸಾಲು ಕಟ್ಟಿದೆ. ಪ್ರತಿ ಕೂಟದಲ್ಲೂ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯ ಕೆಳಗೆ ಗೆರೆ ಎಳೆದೆ. ಅವಸರಕ್ಕೆ ಗೆರೆಗಳು ಸೊಟ್ಟಗಾದವು.

ಮೇಡಂ ಹಿಂದಿನ ಸಲದ ಪ್ರಶ್ನೆಯನ್ನೇ ಕೇಳಿದರು. "ಒಂದು ಮತ್ತು ಎರಡು ಇರುವ ಕೂಟ?"

"ನಾಲ್ಕನೇ ಜಾಗ."

"ಎರಡು ಮತ್ತು ಏಳು?"

೭ ಬರುವುದಕ್ಕೆ ಮುಂಚೆ ಅರುವತ್ತನಾಲ್ಕು ಕೂಟಗಳು. ಬರೀ ೨ ಇರುವುದು ಮೂರನೆಯದು. "ಅರುವತ್ತೇಳು."

ಮೇಡಂ ಮುಂದೆ ಬಂದರು. ಕನ್ನಡಕ ತೆಗೆದು ಬೋರ್ಡಿನ ಮೊದಲ ಸಾಲಿಗೆ ಬೆರಳಿಟ್ಟರು. "ಪ್ರತಿ ಕೂಟದಲ್ಲೂ ಕಡೆಯದಾಗಿ ಬಂದ ಸಂಖ್ಯೆ ಒಂದು ಇದ್ದೇ ಇರುತ್ತೆ ಅಂತ ಬರೆದಿದ್ದೀಯ. ಎಲ್ಲ ಕಡೆ ಗೆರೆ ಎಳೆದಿದ್ದೀಯ. ಈ ಮೊದಲನೆಯದು ಖಾಲಿ ಕೂಟ. ಇಲ್ಲಿ ಗೆರೆ ಎಲ್ಲಿ? ಇದರಲ್ಲಿ ಕಡೆಯದಾಗಿ ಬಂದದ್ದು ಯಾವುದು?"

ಅದನ್ನು ನಾನು ಯೋಚಿಸಿರಲಿಲ್ಲ. ಖಾಲಿ ಕೂಟವನ್ನು ಅಭ್ಯಾಸದಿಂದ ಮೊದಲಿಗೆ ಬರೆದಿದ್ದೆ, ಅಷ್ಟೇ. ಅದರಲ್ಲಿ ಯಾರೂ ಇಲ್ಲದ ಮೇಲೆ ಹೊಸಬರೂ ಇಲ್ಲ. ನನ್ನ ನಿಯಮ ಮೊದಲನೆಯ ಜಾಗದಲ್ಲೇ ಕೈಕೊಟ್ಟಿತ್ತು. ಡೇಟಾ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಕಣ್ಣಿಗೆ ಕಟ್ಟಿತು. ಗೆಳತಿ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಳು.

ಬಿಳಿ ಬಟ್ಟೆ ಹಾಸಿದ ಏಳು ಪಡಿಗಳು ನೆನಪಾದವು. ಬೊಂಬೆ ಇಲ್ಲದ ಕೊಲು, ಒಳಗೆ ಬನ್ನಿ.

"ಯಾವುದೂ ಇಲ್ಲ ಮೇಡಂ," ಎಂದೆ. "ವಾಕ್ಯ ತಪ್ಪಾಗಿದೆ, ತಿದ್ದುತ್ತೇನೆ. ಖಾಲಿ ಅಲ್ಲದ ಪ್ರತಿ ಕೂಟಕ್ಕೂ ಕಡೆಯದಾಗಿ ಬಂದ ಸಂಖ್ಯೆ ಒಂದಿದೆ, ಆ ಕೂಟ ತನ್ನ ಜಾಗವನ್ನು ನಿಯಮದಿಂದ ಪಡೆಯುತ್ತೆ. ಖಾಲಿ ಕೂಟ ಒಂದೇ ಒಂದು. ಅದನ್ನು ಮೊದಲನೇ ಜಾಗದಲ್ಲಿ ನಾನೇ ಕೈಯಾರೆ ಕೂರಿಸಿದ್ದೇನೆ. ನಿಯಮ ಒಪ್ಪದಿದ್ರೂ ಅದೂ ಕೂಟವೇ. ಅದನ್ನ ಬಿಡೋ ಹಾಗಿಲ್ಲ."

ವಾಕ್ಯವನ್ನು ಅಳಿಸಲಿಲ್ಲ. ಮೇಲೆ ಬಾಣದ ಗುರುತು ಹಾಕಿ ಸೇರಿಸಿದೆ.

"ಹಾಗಾದರೆ ಕೊನೆಯೇ ಇಲ್ಲದ ಕೂಟಗಳು? ಎಲ್ಲ ಸಮಸಂಖ್ಯೆಗಳು ಇರುವ ಕೂಟ ತಗೊ. ಅದರಲ್ಲೂ ಕಡೆಯದಾಗಿ ಬಂದದ್ದು ಇಲ್ಲ. ಅಂಥವನ್ನೂ ಕೈಯಾರೆ ಕೂರಿಸುತ್ತೀಯಾ?"

"ಇಲ್ಲ ಮೇಡಂ. ನೀವು ಕೇಳಿದ್ದು ಕೊನೆ ಇರುವ ಕೂಟಗಳನ್ನು. ನಾನು ಹೇಳಿದ್ದೂ ಅಷ್ಟನ್ನೇ."

ತರಗತಿಯಲ್ಲಿ ಯಾರೂ ನಗಲಿಲ್ಲ. ಮೇಡಂ ಕನ್ನಡಕ ಹಾಕಿಕೊಂಡು ಸಾಲನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಆಮೇಲೆ, "ಸರಿ, ಹೋಗಿ ಕೂತ್ಕೊ," ಎಂದರು. ಬೆಲ್ ಇನ್ನೂ ಹೊಡೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ತಂಡಗಳ ಪಟ್ಟಿ ಬಂತು. ಟೈಪ್ ಮಾಡಿದ ಪಟ್ಟಿಯಲ್ಲಿ ನಾನು ಡೇಟಾ ತಂಡದಲ್ಲೇ ಇದ್ದೆ. ನನ್ನ ಹೆಸರಿನ ಮೇಲೆ ನೀಲಿ ಪೆನ್ನಿನ ಒಂದು ಅಡ್ಡಗೆರೆ. ಮೇಡಂ ತಂಡದ ಕೊನೆಯ ಹೆಸರಿನ ಕೆಳಗೆ, ಅದೇ ಪೆನ್ನಿನಲ್ಲಿ, ಕೈಬರಹದಲ್ಲಿ ನನ್ನ ಹೆಸರು. ಗೆಳತಿ ಬೆನ್ನಿಗೆ ಗುದ್ದಿದಳು. "ನೋಡ್ ಡೀ, ಕಡೆಯದಾಗಿ ಬಂದ ಬೊಂಬೆ!"

ಮೊದಲ ಸಲ ಬೋರ್ಡಿನ ಮೇಲೆ ತಪ್ಪಿದ್ದಕ್ಕೆ ಬಿದ್ದ ಸೊನ್ನೆ ಮಾರ್ಕು ಬದಲಾಗುತ್ತದೆಯೇ ಎಂದು ಕೇಳಲು ಸ್ಟಾಫ್ ರೂಮಿಗೆ ಹೋದೆ. "ಅದು ತಪ್ಪಾಗಿತ್ತಲ್ಲ. ಸೊನ್ನೆ ಸೊನ್ನೆಯೇ," ಎಂದರು ಮೇಡಂ. ನನಗೂ ಅದು ಸರಿ ಎನಿಸಿತು. ಹೊರಡುವಾಗ ಹಿಂದಿನಿಂದ ಹೇಳಿದರು: "ಡೇಟಾ ತಂಡಕ್ಕೆ ಒಬ್ಬ ಒಳ್ಳೆ ಗುಮಾಸ್ತೆ ತಪ್ಪಿಹೋದಳು."

"ತಪ್ಪಿಲ್ಲ ಮೇಡಂ. ಗುಮಾಸ್ತೆ ನಿಮ್ಮ ತಂಡಕ್ಕೇ ಬಂದಿದ್ದಾಳೆ. ಫೋಟೋಗೆ ತಾರೀಖು ಹಾಕೋ ಅಭ್ಯಾಸದಿಂದಲೇ ಆ ಪ್ರೂಫ್ ಬಂದಿದ್ದು."

ಅವರು ಕೇಳಿಸಿಕೊಂಡರೋ ಇಲ್ಲವೋ, ಪೇಪರ್ ತಿದ್ದುವುದರಲ್ಲಿದ್ದರು. ನಾನಂತೂ ಹೇಳಿದ್ದೇನೆ. ಯೂನಿವರ್ಸಿಟಿ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೂ ಇದನ್ನೇ ಬರೆಯುತ್ತೇನೆ. ತಿದ್ದುವವರಿಗೆ ಪುಸ್ತಕದ್ದೇ ಬೇಕಿದ್ದರೆ ಅದು ಅವರ ಪಾಡು.

ಮನೆಯಲ್ಲಿ ಹೇಳಿದಾಗ ಅಮ್ಮ, "ಅಡಂ ಗೆದ್ದಿತು," ಎಂದಳು. ಅಜ್ಜಿಗೆ ಸಾಲು, ಜಾಗ, ಕೂಟ ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿ, "ಇಷ್ಟೆಲ್ಲ ಕೊಲು ಯಾರೇ ಕೂರ್ಸೋದು? ನನ್ ಸೊಂಟ ಏನಾಗ್ಬೇಕು?" ಎಂದಳು.

ಈಗ ೮:೫೫. ಅಮ್ಮ ಎರಡು ಸಲ ಕೂಗಿದ್ದಾಯಿತು, ನಿಲ್ಲಿಸಬೇಕು. ಆದರೆ ನನಗೆ ಗೊತ್ತಿಲ್ಲದ ಎರಡು ವಿಷಯಗಳಿವೆ. ಕೂಟಗಳನ್ನು ಅವುಗಳ ಕಡೆಯ ಸಂಖ್ಯೆಯ ಪ್ರಕಾರ ಹೀಗೆ ಸಾಲು ಹಿಡಿಸಿದವರು ನನಗಿಂತ ಮುಂಚೆ ಎಷ್ಟೋ ಜನ ಇರಬೇಕು. ಮೊದಲಿಗರು ಯಾರು, ಅವರಿಗೆ ಇದು ಎಲ್ಲಿಂದ ಹೊಳೆಯಿತು? ಇನ್ನೊಂದು, ಸಾವಾದ ವರ್ಷ ಬರೀ ಪಡಿಗಳನ್ನು ಕೂರಿಸುವ ಮನೆ ಈ ಊರಿನಲ್ಲಾಗಲಿ ಮೈಸೂರಿನ ಕಡೆಯಾಗಲಿ ನಮ್ಮದಲ್ಲದೆ ಬೇರೆ ಇದೆಯೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ನನ್ನ ಸಾಲಿನಲ್ಲಿ ತಪ್ಪಿದೆ ಎನ್ನುವವರೂ ಬರೆಯಬಹುದು. ಪುಸ್ತಕದಲ್ಲಿ ಹೀಗಿಲ್ಲ ಎಂದಷ್ಟೇ ಬರೆದರೆ ಸಾಲದು. ಯಾವ ಕೂಟಕ್ಕೆ ಜಾಗ ಸಿಕ್ಕಿಲ್ಲ ಎಂದು ಅದನ್ನು ಹೆಸರಿಸಿ ಬರೆಯಬೇಕು. ಅದು ಎಷ್ಟನೆಯದು ಎಂದು ಲೆಕ್ಕ ಹಾಕಿ, ತಾರೀಖು ಹಾಕಿ, ಉತ್ತರ ಕಳಿಸುತ್ತೇನೆ.